ಕಣಜದ ಹುಳಕ್ಕೆ ಊಟ ಹಾಕುವವರು ಯಾರು?

(ಇಕ್ಕೇರಿ ಸೀಮೆಯ ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಲೆಯ ಬಗ್ಗೆ, ಸಾಲದ ಬಗ್ಗೆ ಮಾತಾಡುವ ಪತ್ರಿಕೆಯಲ್ಲಿ ಹುಳದ ಸುದ್ದಿ ಯಾಕೆ ಬಂತು ಅಂತ ನೀವು ಕೇಳಬಹುದು. ಕಾರಣ ಹೇಳ್ತೀನಿ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಭತ್ತ ಕಣಕ್ಕೆ ಬರುವುದು ಡಿಸೆಂಬರ್, ಜನವರಿ ಹೊತ್ತಿಗೆ. ಎಲ್ಲರ ಭತ್ತವೂ ಒಟ್ಟಿಗೆ ಬರುತ್ತದೆ, ದರ ಕುಸಿಯುತ್ತದೆ. ಅದೇ ಹೊತ್ತಿಗೆ ಸೊಸೈಟಿಯ ಸಾಲದ ಗಡುವು, ಅಂಗಡಿಯ ಬಾಕಿ, ಮಕ್ಕಳ ಮದುವೆ, ಎಲ್ಲವೂ ಬಾಗಿಲಲ್ಲಿ ನಿಂತಿರುತ್ತವೆ. ಆಗ ಕೊಳ್ಳುವವನು ಬಂದು ಒಂದು ಮಾತು ಹೇಳುತ್ತಾನೆ: "ಇಟ್ಟುಕೊಂಡು ಏನ್ಮಾಡ್ತೀರಿ ಮಾರಾಯ್ರೆ, ಮಳೆಗಾಲಕ್ಕೆ ಹುಳ ಹಿಡೀತದೆ, ಈಗಲೇ ಕೊಟ್ಟುಬಿಡಿ."

ಆ ಮಾತು ಪೂರಾ ಸುಳ್ಳಲ್ಲ. ಸುಳ್ಳಲ್ಲದ ಕಾರಣಕ್ಕೇ ಅದು ಅವನ ಕೈಯಲ್ಲಿ ಒಳ್ಳೆಯ ಆಯುಧವಾಗಿದೆ. ಸಾಲ ಕೊಟ್ಟವನು ಹಿಂದಿನಿಂದ ದೂಡುತ್ತಾನೆ, ಹುಳ ಮುಂದಿನಿಂದ ಹೆದರಿಸುತ್ತದೆ, ನಡುವೆ ನಾವು ಬಿದ್ದ ದರಕ್ಕೆ ಭತ್ತ ಅಳೆದು ಕೊಡುತ್ತೇವೆ. ಸಾಲದ ಮಾತು ನಾವು ಬೇಕಾದಷ್ಟು ಆಡಿದ್ದೇವೆ. ಇವತ್ತು ಹುಳದ ಮಾತಾಡೋಣ. ಈ ಹುಳ ಏನು ತಿಂದು ಬೆಳೆಯುತ್ತದೆ, ಏನು ತಿಂದರೆ ಅದಕ್ಕೆ ಅರಗುವುದಿಲ್ಲ, ಯಾವ ಊಟ ಸಿಕ್ಕರೆ ಅದರ ಸಂಸಾರ ಹೆಚ್ಚುತ್ತದೆ, ಯಾವುದು ಸಿಕ್ಕದಿದ್ದರೆ ಸೊರಗುತ್ತದೆ, ಇಷ್ಟು ತಿಳಿದರೆ ನಾಲ್ಕಾಣೆ ಭಾಗ ವಿಷವೂ ಬೇಡ, ಜನವರಿಯಲ್ಲೇ ಮಾರಿಬಿಡುವ ಹೆದರಿಕೆಯೂ ಬೇಡ. ಹುಳಕ್ಕೆ ಊಟ ಹಾಕುವವರು ಎಷ್ಟೋ ಸಲ ನಾವೇ. ಬಡಿಸುವುದನ್ನು ನಿಲ್ಲಿಸುವುದೂ ನಮ್ಮ ಕೈಯಲ್ಲೇ ಇದೆ.

ಕೊಳಗ ಹೇಳದ ನಷ್ಟ

ಮೊದಲು ನಷ್ಟದ ಲೆಕ್ಕ. ಅಳತೆ ಅಂದರೆ ಏನು ಅಂತ ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಕೊಳಗದ ಜಗಳದಿಂದಲೇ. ಗೇಣಿ ಅಳೆಯುವ ಕೊಳಗ ದೊಡ್ಡದು, ಅದು ಸರಿಯಾಗಬೇಕು ಅಂತ. ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು. ರಾಮಮನೋಹರ ಲೋಹಿಯಾ ಅವರು ಇಲ್ಲಿಗೇ ಬಂದು ಬಂಧನಕ್ಕೆ ಒಳಗಾದರು. ಒಂದು ಅಳತೆಯ ಪಾತ್ರೆಯಲ್ಲಿ ಎಷ್ಟು ಮೋಸ ಅಡಗಬಹುದು ಅಂತ ಅವತ್ತು ಇಡೀ ದೇಶ ನೋಡಿತು.

ಹುಳವೂ ಕೊಳಗದಲ್ಲೇ ಅಡಗುತ್ತದೆ. ಮೂತಿಹುಳವಾಗಲಿ ಚಿಟ್ಟೆಯ ಮರಿಯಾಗಲಿ ಕಾಳಿನ ಒಳಗೇ ಕೂತು ತಿನ್ನುತ್ತದೆ. ಹೊಟ್ಟು ಹಾಗೇ ಇರುತ್ತದೆ, ಕಾಳಿನ ಆಕಾರವೂ ಹಾಗೇ ಇರುತ್ತದೆ. ಹತ್ತು ಕೊಳಗ ಹಾಕಿದ್ದರೆ ಹತ್ತಕ್ಕೆ ಹತ್ತಿರ ಹತ್ತಿರ ಕೊಳಗವೇ ತೆಗೆಯುತ್ತೀರಿ. ತಕ್ಕಡಿಗೆ ಹಾಕಿದಾಗ ಮಾತ್ರ ತೂಕ ಇಳಿದದ್ದು ಕಾಣುತ್ತದೆ. ಅದರಲ್ಲೂ ಇನ್ನೊಂದು ಮೋಸವಿದೆ. ಮಳೆಗಾಲದಲ್ಲಿ ಭತ್ತ ತೇವ ಎಳೆದುಕೊಂಡು ಭಾರವಾಗುತ್ತದೆ. ಹುಳ ತಿಂದ ತೂಕವನ್ನು ನೀರಿನ ತೂಕ ಮುಚ್ಚಿಹಾಕುತ್ತದೆ. ತೂಕ ಸರಿಯಾಗಿದೆ ಅಂತ ನಾವು ಸಮಾಧಾನವಾಗಿರುತ್ತೇವೆ, ಮಿಲ್ಲಿಗೆ ಹಾಕಿದಾಗ ಅಕ್ಕಿ ಇಳಿಯುವುದಿಲ್ಲ, ಬರೀ ನುಚ್ಚು ತೌಡು.

ಇದನ್ನು ಮನೆಯಲ್ಲೇ ಹಿಡಿಯುವ ಉಪಾಯ ಸುಲಭ. ಪಣತಕ್ಕೆ ಭತ್ತ ತುಂಬುವ ದಿನ ಸಾವಿರ ಕಾಳು ಎಣಿಸಿ, ಚೆನ್ನಾಗಿ ಒಣಗಿಸಿ, ಸಣ್ಣ ತಕ್ಕಡಿಯಲ್ಲಿ ತೂಗಿ, ಬರೆದಿಡಿ. ಆಶ್ಲೇಷ ಮಳೆ ಹೊತ್ತಿಗೆ ಅದೇ ಪಣತದ ಮೇಲೆ, ನಡುವೆ, ಕೆಳಗೆ ಒಂದೊಂದು ಹಿಡಿ ತೆಗೆದು ಬೆರೆಸಿ, ಮತ್ತೆ ಸಾವಿರ ಎಣಿಸಿ, ಮೊದಲಿನ ಹಾಗೇ ಒಣಗಿಸಿ ತೂಗಿ. ಎರಡರ ಅಂತರವೇ ಹುಳದ ಪಾಲು.

ಒಂದು ಲೆಕ್ಕ ಹಾಕಿ ನೋಡಿ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ನಿಮ್ಮ ಪಣತದಲ್ಲಿ 40 ಕ್ವಿಂಟಾಲ್ ಇದೆ, ನೂರಕ್ಕೆ ಐದು ಹುಳದ ಪಾಲಾಯಿತು ಅಂತ ಇಟ್ಟುಕೊಳ್ಳಿ. ಎರಡು ಕ್ವಿಂಟಾಲ್ ಹೋಯಿತು, 4,738 ರೂಪಾಯಿ. ಉಳಿದ 38 ಕ್ವಿಂಟಾಲಿಗೆ "ಹುಳ ಹಿಡಿದದ್ದು" ಅಂತ ದರ ಕಡಿಯುವುದು ಬೇರೆ. ಬೆಂಬಲ ಬೆಲೆಗಾಗಿ ಬೀದಿಗೆ ಇಳಿಯುತ್ತೇವೆ, ಇಳಿಯಲೇಬೇಕು. ಮನೆಯೊಳಗೆ ಹೋಗುವ ಈ ದುಡ್ಡಿನ ಲೆಕ್ಕವನ್ನೂ ಅದೇ ಕಟ್ಟುನಿಟ್ಟಿನಲ್ಲಿ ಕೇಳಬೇಕು.

ಯಾರ ಊಟ ಯಾವುದು

ಹುಳ ಅಂದರೆ ಎಲ್ಲ ಒಂದೇ ಅಂತ ತಿಳಿಯಬೇಡಿ. ಒಂದೊಂದರ ಬಾಯಿ ಬೇರೆ, ಊಟ ಬೇರೆ.

ಒಂದನೆಯದು ಮೂತಿಹುಳ, ಸೊಂಡಿಲಿನ ಹಾಗೆ ಮೂತಿ ಇರುವುದು. ಹೆಣ್ಣು ಕಾಳಿಗೆ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಅಂಟಿನಿಂದ ಮೆತ್ತಿ ಮುಚ್ಚುತ್ತದೆ. ಮೇಲಿನಿಂದ ನೋಡಿದರೆ ಕಾಳು ಗಟ್ಟಿಯಾಗೇ ಕಾಣುತ್ತದೆ. ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ ಮುನ್ನೂರು ಮೊಟ್ಟೆಯವರೆಗೂ ಇಡಬಲ್ಲದು. ಮರಿಗೆ ಆ ಒಂದು ಕಾಳೇ ಮನೆ, ಅದೇ ಊಟ. ಇಡೀ ಕಾಳು ಬೇಕಾದ್ದರಿಂದ ಹಿಟ್ಟಿನಲ್ಲಿ ಇದು ಸಂಸಾರ ಮಾಡಲಾರದು.

ಎರಡನೆಯದು ಭತ್ತದ ಚಿಟ್ಟೆ. ಇದು ಗದ್ದೆಯಲ್ಲಿ ತೆನೆ ಇರುವಾಗಲೇ ಮೊಟ್ಟೆ ಇಟ್ಟು ಮನೆಗೆ ಬರಬಲ್ಲದು. ದೊಡ್ಡದಾದ ಮೇಲೆ ಇದಕ್ಕೆ ಊಟವೇ ಬೇಡ. ಮರಿಯಾಗಿದ್ದಾಗ ಕಾಳಿನೊಳಗೆ ತಿಂದ ಕೊಬ್ಬೇ ಬಂಡವಾಳ, ಅದರಲ್ಲೇ ಮೊಟ್ಟೆ ಇಟ್ಟು ಸಾಯುತ್ತದೆ. ಹುರುಳಿ, ಹೆಸರು, ಅಲಸಂದೆಗೆ ಬೀಳುವ ದುಂಡು ಹುಳವೂ ಹಾಗೇ. ಮರಿಗೆ ಊಟ ಚೆನ್ನಾಗಿದ್ದರೆ ಮುಂದೆ ಮೊಟ್ಟೆ ಹೆಚ್ಚು. ಒಂದೇ ಕಾಳಿನಲ್ಲಿ ನಾಲ್ಕು ಮರಿ ಕಿತ್ತಾಡಿ ಅರೆಹೊಟ್ಟೆಯಲ್ಲಿ ಬೆಳೆದರೆ ಹೊರಬರುವ ಹುಳ ಸಣ್ಣದು, ಮೊಟ್ಟೆಯೂ ಕಡಿಮೆ.

ಮೂರನೆಯದು ಕೆಂಪು ಹಿಟ್ಟಿನ ಹುಳ. ಇದಕ್ಕೆ ಗಟ್ಟಿ ಕಾಳು ಕೊರೆಯುವ ಶಕ್ತಿ ಇಲ್ಲ. ಒಡೆದ ಕಾಳು, ನುಚ್ಚು, ಧೂಳು, ಮೂತಿಹುಳ ಕೊರೆದು ಬಿಟ್ಟ ಪುಡಿ, ಇದೇ ಅದರ ಊಟ. ಮೊದಲಿನವರು ಬಾಗಿಲು ಮುರಿದರೆ ಇವರು ಒಳಗೆ ನುಗ್ಗುವವರು. ಅಕ್ಕಿಯಲ್ಲಿ ನೂಲು ಬಲೆ ಕಟ್ಟಿ ಉಂಡೆ ಮಾಡುವ ಚಿಟ್ಟೆಯ ಮರಿಯೂ ನುಚ್ಚು, ತೌಡು ಇದ್ದ ಕಡೆಯೇ ಹೆಚ್ಚು. ಇಂಥವು ಕಾಳಿನ ಮೊಳಕೆಯ ಕಣ್ಣನ್ನು ಮೊದಲು ತಿನ್ನುತ್ತವೆ. ಎಣ್ಣೆ, ಸಸಾರಜನಕ ಅಲ್ಲೇ ಜಾಸ್ತಿ. ತೂಕ ಸ್ವಲ್ಪವೇ ಹೋಗಿರುತ್ತದೆ, ಬಿತ್ತಿದರೆ ಮೊಳಕೆ ಬರುವುದಿಲ್ಲ.

ಅಡಿಕೆ ಅಟ್ಟದ ಮಾತು ಬಿಡುವಂತಿಲ್ಲ. ಇಟ್ಟ ಅಡಿಕೆಗೆ ಕುಟ್ಟೆ ಹಿಡಿಯಿತು ಅಂತೀವಲ್ಲ, ಅದರಲ್ಲಿ ಮುಖ್ಯವಾಗಿ ಇಬ್ಬರಿದ್ದಾರೆ. ಒಂದು ಕಾಫಿ ಬೀಜಕ್ಕೂ ಬೀಳುವ ಹುಳ, ಇನ್ನೊಂದು ತಂಬಾಕಿಗೂ ಬೀಳುವ ಸಿಗರೇಟು ಹುಳ. ತಂಬಾಕು, ಮೆಣಸಿನಕಾಯಿ, ಅರಿಶಿನ ತಿಂದು ಬದುಕುವ ಹುಳಕ್ಕೆ ಅಡಿಕೆಯ ಒಗರು ಯಾವ ಲೆಕ್ಕ? ಅದು ಹೇಗೆ ಅರಗಿಸಿಕೊಳ್ಳುತ್ತದೆ ಅಂತ ಮುಂದೆ ಹೇಳ್ತೀನಿ.

ಹುಳದ ಹೊಟ್ಟೆಯೊಳಗೆ

ಅನ್ನವನ್ನು ನುಂಗದೆ ಸ್ವಲ್ಪ ಹೊತ್ತು ಅಗಿಯುತ್ತಲೇ ಇರಿ, ಸಿಹಿಯಾಗುತ್ತದೆ. ನಮ್ಮ ಜೊಲ್ಲಿನಲ್ಲಿರುವ ರಸವೊಂದು ಅನ್ನದ ಗಂಜಿಯನ್ನು ಒಡೆದು ಸಕ್ಕರೆ ಮಾಡುತ್ತದೆ. ಹುಳದ ಕರುಳಿನಲ್ಲೂ ಅದೇ ಜಾತಿಯ ರಸವಿದೆ. ಗಂಜಿ ಒಡೆದು ಸಕ್ಕರೆಯಾದರೆ ಅದಕ್ಕೆ ಬಲ. ಸಸಾರಜನಕವನ್ನು ಒಡೆಯುವ ರಸಗಳು ಬೇರೆ ಇವೆ, ಅವು ಮೈ ಕಟ್ಟುವುದಕ್ಕೆ. ಈ ಎರಡರಲ್ಲಿ ಒಂದು ಕೆಲಸ ಕೆಟ್ಟರೂ ಹೊಟ್ಟೆ ತುಂಬ ತಿಂದು ಉಪವಾಸ ಬಿದ್ದ ಹಾಗೆ.

ಬರೀ ಗಂಜಿ ಸಾಲದು, ಜೀವಸತ್ವ ಬೇಕು. ಇದು ಮನುಷ್ಯನಿಗೆ ತಿಳಿದದ್ದು ಕೋಳಿಗಳಿಂದ. ಜಾವಾ ದ್ವೀಪದಲ್ಲಿದ್ದ ಡಚ್ಚ ವೈದ್ಯ ಐಕ್‌ಮನ್, 1890ರ ದಶಕದಲ್ಲಿ, ತೌಡು ತೆಗೆದ ಬಿಳಿ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ಕೊಟ್ಟರೆ ಎದ್ದು ಓಡಾಡುವುದನ್ನೂ ಕಂಡ. ಆ ದಾರಿಯಲ್ಲೇ ಬಿ ಜೀವಸತ್ವ ಸಿಕ್ಕಿತು, 1929ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿಯೂ ಬಂತು. 1940ರ ದಶಕದಲ್ಲಿ, ಯುದ್ಧದ ಕಾಲ, ಲಂಡನ್ನಿನಲ್ಲಿ ಫ್ರಾಂಕೆಲ್ ಎಂಬ ವಿಜ್ಞಾನಿ ಇದೇ ಪ್ರಶ್ನೆಯನ್ನು ಗೋದಾಮಿನ ಹುಳಗಳಿಗೆ ಕೇಳಿದ. ಬ್ಲ್ಯೂವೆಟ್ ಎಂಬಾಕೆಯ ಜೊತೆ ಸೇರಿ, ಒಂದೊಂದೇ ಜೀವಸತ್ವ ತಪ್ಪಿಸಿ ಹುಳಗಳಿಗೆ ಊಟ ಹಾಕಿ ನೋಡಿದ. ಹಿಟ್ಟಿನ ಹುಳಕ್ಕೆ ಬಿ ಜೀವಸತ್ವಗಳು ತಪ್ಪಿದರೆ ಮರಿ ಬೆಳೆಯದೆ ನಿಂತುಹೋಯಿತು. ಸಿಗರೇಟು ಹುಳ ಮಾತ್ರ ಕೆಲವು ಜೀವಸತ್ವ ಇಲ್ಲದಿದ್ದರೂ ಬೆಳೆಯಿತು.

ಗುಟ್ಟು ಇಲ್ಲಿದೆ ನೋಡಿ. ಸಿಗರೇಟು ಹುಳದ ಕರುಳಿನ ಪಕ್ಕದ ಚೀಲಗಳಲ್ಲಿ ಹುದುಗಿನಂಥ ಸೂಕ್ಷ್ಮ ಜೀವಿಗಳು ಮನೆ ಮಾಡಿವೆ. ಅವು ಜೀವಸತ್ವ ತಯಾರಿಸಿ ಕೊಡುತ್ತವೆ, ಕೆಲವು ವಿಷಗಳನ್ನೂ ಮುರಿಯುತ್ತವೆ. ಸತ್ವವಿಲ್ಲದ, ಒಗರಿನ, ಖಾರದ ಪದಾರ್ಥವನ್ನೂ ಅದು ಅರಗಿಸಿಕೊಳ್ಳುವುದು ಹೀಗೆ. ಅಡಿಕೆಯ ಒಗರು ತಾನೇ ಕಾಪಾಡುತ್ತದೆ ಅಂತ ನಂಬಿ ಕೂರುವಂತಿಲ್ಲ. ಚೆನ್ನಾಗಿ ಒಣಗಿಸಿ, ಗಾಳಿ ತೇವ ತಾಗದ ಹಾಗೆ ಕಟ್ಟಿಡುವುದೇ ದಾರಿ.

ಮೂತಿಹುಳದ ಹೊಟ್ಟೆಯಲ್ಲೂ ಇಂಥ ಒಕ್ಕಲು ಇದೆ. ಅದರ ಕರುಳಿನ ಹತ್ತಿರ ಒಂದು ಬ್ಯಾಕ್ಟೀರಿಯ ವಾಸವಾಗಿದೆ, ತಾಯಿಯಿಂದ ಮೊಟ್ಟೆಗೆ ಇಳಿದು ಬರುತ್ತದೆ. ಅಕ್ಕಿಯಲ್ಲಿ ಕಡಿಮೆ ಇರುವ ಜೀವಸತ್ವಗಳನ್ನೂ, ಗಟ್ಟಿ ಚಿಪ್ಪು ಕಟ್ಟಲು ಬೇಕಾದ ಸರಕನ್ನೂ ಅದು ಒದಗಿಸುತ್ತದೆ. ಆ ಬ್ಯಾಕ್ಟೀರಿಯ ಇಲ್ಲದಂತೆ ಮಾಡಿದ ಹುಳ ನಿಧಾನ ಬೆಳೆಯುತ್ತದೆ, ಹಾರಲೂ ಆಗುವುದಿಲ್ಲ. ಫ್ರಾನ್ಸಿನ ಲಿಯಾನ್ ನಗರದ ವಿಜ್ಞಾನಿಗಳು 2014ರಲ್ಲಿ ಇನ್ನೊಂದು ಸಂಗತಿ ಬರೆದರು. ಹುಳದ ಚಿಪ್ಪು ಗಟ್ಟಿಯಾದ ಮೇಲೆ, ಇನ್ನು ಉಪಯೋಗವಿಲ್ಲ ಅಂತ, ಹುಳ ತನ್ನ ಕರುಳಿನ ಆ ಬ್ಯಾಕ್ಟೀರಿಯವನ್ನೇ ಅರಗಿಸಿ ಮುಗಿಸುತ್ತದಂತೆ! ಬೆಳೆ ಕೈಗೆ ಬರುವ ತನಕ ಒಕ್ಕಲನ್ನು ಇಟ್ಟುಕೊಂಡು ಆಮೇಲೆ ಎಬ್ಬಿಸಿ ಕಳಿಸುತ್ತಿದ್ದ ಧಣಿಗಳನ್ನು ಕಂಡ ನಮ್ಮ ಸೀಮೆಗೆ ಇದು ಹೊಸ ಕಥೆಯಲ್ಲ.

ಇಷ್ಟರಿಂದ ನಮಗೆ ಬೇಕಾದ ಮಾತು ಯಾವುದು? ತೌಡು ಇರುವ ಅಕ್ಕಿಯಲ್ಲಿ ಹುಳ ಬೇಗ ಬೆಳೆಯುತ್ತದೆ, ಹೆಚ್ಚು ಪಾಲಿಶ್ ಮಾಡಿದಷ್ಟೂ ಅದರ ಸಂತಾನ ಕಡಿಮೆ. ಅಂತ ಹೇಳಿ ಪಾಲಿಶ್ ಅಕ್ಕಿ ಉಣ್ಣಿ ಅಂತ ನಾನು ಹೇಳುವುದಿಲ್ಲ. ಹುಳಕ್ಕೆ ಸತ್ವ ಇಲ್ಲದ್ದು ನಮ್ಮ ಮಕ್ಕಳಿಗೂ ಸತ್ವ ಇಲ್ಲದ್ದೇ. ನಮ್ಮ ಹಿರಿಯರ ಪದ್ಧತಿ ಸರಿ: ಇಡುವುದು ಭತ್ತವಾಗಿ, ಅಕ್ಕಿ ಮಾಡಿಸುವುದು ತಿಂಗಳಿಗೆ ಬೇಕಾದಷ್ಟು ಮಾತ್ರ. ಕುಚ್ಚಲಕ್ಕಿಯ ಕಾಳು ಗಟ್ಟಿ, ಹುಳದ ಹಲ್ಲಿಗೆ ಕಷ್ಟ. ಬೇಯಿಸುವಾಗ ಭತ್ತದ ಹೊಟ್ಟು ಬಾಯಿ ಬಿಡುವುದರಿಂದ ಬೇಯಿಸಿದ ಭತ್ತವನ್ನು ಹಾಗೇ ಬಹಳ ದಿನ ಇಡಬಾರದು, ಬೇಗ ಅಕ್ಕಿ ಮಾಡಿಸಬೇಕು.

ಬೆಳೆಯೇ ಇಟ್ಟುಕೊಂಡ ಕಾವಲು

ಬೀಜ ಅಂದರೆ ಗಿಡದ ಮಗು. ತಾಯಿ ಅದನ್ನು ಕಾವಲಿಲ್ಲದೆ ಕಳಿಸುವುದಿಲ್ಲ. ಭತ್ತದ ಕಾವಲು ಹೊಟ್ಟು. ಎರಡು ಹೊಟ್ಟು ಬಿಗಿಯಾಗಿ ಕಚ್ಚಿಕೊಂಡಿದ್ದರೆ ಮೂತಿಹುಳಕ್ಕೂ ಚಿಟ್ಟೆಯ ಮರಿಗೂ ಒಳಗೆ ಹೋಗಲು ದಾರಿ ಕಷ್ಟ. ಬಾಯಿ ಬಿಟ್ಟ ಹೊಟ್ಟು, ಯಂತ್ರದಲ್ಲಿ ಜಜ್ಜಿ ಸಿಪ್ಪೆ ಹಾರಿದ ಕಾಳು, ಇವೇ ಬಾಗಿಲು. ಒಕ್ಕುವ ಯಂತ್ರ ಜೋರಾಗಿ ತಿರುಗಿಸಿ ಬೇಗ ಮುಗಿಸಿದೆವು ಅಂದರೆ, ಮುಗಿಸಿದ ಹೊತ್ತಿಗಿಂತ ಹೆಚ್ಚು ಹುಳಕ್ಕೆ ಕೊಡುತ್ತೇವೆ. ಬೀಜ ಆರಿಸುವಾಗ ಇಳುವರಿ ನೋಡುತ್ತೇವೆ, ಹುಲ್ಲು ನೋಡುತ್ತೇವೆ. ಒಂದು ಹಿಡಿ ಭತ್ತ ಅಂಗೈಯಲ್ಲಿಟ್ಟು ಹೊಟ್ಟು ಎಷ್ಟು ಕಾಳಿನಲ್ಲಿ ಬಾಯಿ ಬಿಟ್ಟಿದೆ ಅಂತಲೂ ನೋಡಿ.

ಬಯಲುಸೀಮೆಯ ರಾಗಿಯ ಕಾವಲು ಅದರ ಸಣ್ಣತನ. ಒಂದು ಕಾಳಿನಲ್ಲಿ ಮೂತಿಹುಳದ ಮರಿಗೆ ಕೂರಲು ಜಾಗವಿಲ್ಲ, ಹೊಟ್ಟೆ ತುಂಬುವಷ್ಟು ಊಟವೂ ಇಲ್ಲ. ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಉಳಿಯುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಇನ್ನು ಕೆಲವು ಬೀಜಗಳ ಕಾವಲು ಹುಳದ ಹೊಟ್ಟೆಯೊಳಗೇ ಹೋಗಿ ಕೆಲಸ ಮಾಡುತ್ತದೆ. ಅಲಸಂದೆಯನ್ನು ಪುಡಿ ಮಾಡುವ ದುಂಡು ಹುಳ ಬೀನ್ಸಿನ ಒಣಬೀಜದ ಮೇಲೂ, ಅಂದರೆ ಉತ್ತರದವರ ರಾಜ್ಮಾ ಮೇಲೂ ಮೊಟ್ಟೆ ಇಡುತ್ತದೆ. ಮರಿ ಒಳಗೆ ಕೊರೆಯುತ್ತದೆ, ಅಲ್ಲೇ ಸಾಯುತ್ತದೆ. ಆ ಬೀಜದಲ್ಲಿರುವ ಒಂದು ಸಸಾರಜನಕ ಹುಳದ ಜೀರ್ಣರಸಕ್ಕೆ ಅಂಟಿಕೊಂಡು ಬೀಗ ಹಾಕುತ್ತದೆ, ಗಂಜಿ ಒಡೆಯುವುದೇ ಇಲ್ಲ. ಸೋಯಾ ಹಿಟ್ಟಿನಲ್ಲಿ ಕೆಂಪು ಹಿಟ್ಟಿನ ಹುಳ ಸರಿಯಾಗಿ ಬೆಳೆಯುವುದಿಲ್ಲ ಅಂತ ಅಮೆರಿಕದಲ್ಲಿ 1947ರಲ್ಲೇ ಕಂಡಿದ್ದರು.

ಈ ಬೀಗದ ಆಸೆಯಿಂದ 1990ರ ದಶಕದಲ್ಲಿ ಬೀನ್ಸಿನ ಆ ಗುಣವನ್ನು ಬಟಾಣಿಗೆ ಸೇರಿಸಿದರು. ಹುಳ ಸತ್ತಿತು. 2005ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ, ಆ ಬಟಾಣಿ ತಿಂದ ಇಲಿಗಳ ಶ್ವಾಸಕೋಶದಲ್ಲಿ ಅಲರ್ಜಿಯಂಥ ಬಾಧೆ ಕಂಡು ಆ ಕೆಲಸವನ್ನೇ ನಿಲ್ಲಿಸಿತು. ಹುಳದ ಹೊಟ್ಟೆ ಕೆಡಿಸುವ ವಸ್ತು ನಮ್ಮ ಹೊಟ್ಟೆಗೆ ಏನು ಮಾಡುತ್ತದೆ ಅಂತ ಮೊದಲೇ ನೋಡಬೇಕು, ನೋಡಿ ನಿಲ್ಲಿಸುವ ಧೈರ್ಯವೂ ಬೇಕು. ಬಿತ್ತನೆ ಬೀಜದ ಕಂಪನಿಯವರು ಹೊಸದೇನಾದರೂ ತಂದಾಗ ನಾವು ಕೇಳಬೇಕಾದ ಪ್ರಶ್ನೆ ಇದೇ.

ನಮ್ಮ ನಾಡಿನ ಉದಾಹರಣೆಯೂ ಇದೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ, 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದದ್ದು. ಅಲ್ಲಿನ ಮಜುಂದಾರ್ ಮತ್ತು ಬಾನೋ ಅವರು 1964ರಲ್ಲಿ, ಸುಣ್ಣದ ಅಂಶವಿರುವ ಕ್ಯಾಲ್ಸಿಯಂ ಫಾಸ್ಫೇಟನ್ನು ಆಹಾರದಲ್ಲಿ ಬೆರೆಸಿದರೆ ಗೋದಾಮಿನ ಹುಳಗಳಿಗೆ ಅದು ಮಾರಕ ಅಂತ ತೋರಿಸಿ ಬರೆದರು. ನಮ್ಮ ಮೂಳೆಗೆ ಬೇಕಾದ ವಸ್ತು ಹುಳಕ್ಕೆ ವಿಷವಾಯಿತು. ಹುಳಕ್ಕೂ ನಮಗೂ ಊಟ ಒಂದೇ ಆದರೂ ಹೊಟ್ಟೆ ಬೇರೆ ಬೇರೆ.

ಹುಳ ನೀರು ಕುಡಿಯುವುದೆಲ್ಲಿ?

ಈಗ ಮಲೆನಾಡಿನ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಣ ಭತ್ತದೊಳಗೆ ಕೂತ ಹುಳ ನೀರಿಗೆ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಕಾಳಿನ ತೇವದಿಂದ ಸ್ವಲ್ಪ ಪಡೆಯುತ್ತದೆ, ತಿಂದ ಗಂಜಿಯನ್ನು ಮೈಯೊಳಗೆ ಗಾಳಿಯೊಡನೆ ಉರಿಸಿ ಅದರಿಂದ ಸ್ವಲ್ಪ ನೀರು ಮಾಡಿಕೊಳ್ಳುತ್ತದೆ. ಕಾಳು ಒಣಗಿದಷ್ಟೂ ಅದರ ಬೆಳವಣಿಗೆ ನಿಧಾನ, ಮೊಟ್ಟೆ ಕಡಿಮೆ. ತೇವ ನೂರಕ್ಕೆ ಒಂಬತ್ತು ಹತ್ತಕ್ಕಿಂತ ಕೆಳಗೆ ಇಳಿದರೆ ಮೂತಿಹುಳ ಸಂಸಾರವನ್ನೇ ನಡೆಸಲಾರದು. ಅಷ್ಟು ಒಣಗಿಸುವುದು ನಮ್ಮಲ್ಲಿ ಸಾಧ್ಯವಿಲ್ಲ, 12ಕ್ಕೆ ತಂದರೆ ಸಾಕು, ಅರ್ಧ ಯುದ್ಧ ಗೆದ್ದ ಹಾಗೆ.

ಖರೀದಿ ಕೇಂದ್ರದಲ್ಲಿ ತೇವ 17ರವರೆಗೂ ತೆಗೆದುಕೊಳ್ಳುತ್ತಾರೆ ಅಂತ, ಅಷ್ಟಕ್ಕೇ ಒಣಗಿಸಿ ಮನೆಯಲ್ಲಿ ತುಂಬುವವರಿದ್ದಾರೆ. ಆ 17 ಕೊಡುವ ದಿನದ ಲೆಕ್ಕ, ಇಡುವ ಲೆಕ್ಕವಲ್ಲ. ಮೃಗಶಿರ, ಆರಿದ್ರ ಹಿಡಿದ ಮೇಲೆ ಗಾಳಿಯೇ ಒದ್ದೆ. ಗೋಣಿಚೀಲದಲ್ಲಿ ಬಿಟ್ಟರೆ 12ಕ್ಕೆ ಒಣಗಿಸಿದ ಭತ್ತವೂ ಮಳೆಗಾಲದಲ್ಲಿ 16 ಮುಟ್ಟುತ್ತದೆ. ಬೆಚ್ಚಗಿರುವ ಕಡೆ ಮೂತಿಹುಳ ನಾಲ್ಕೈದು ವಾರದಲ್ಲಿ ಮೊಟ್ಟೆಯಿಂದ ಹುಳವಾಗುತ್ತದೆ. ನಮ್ಮ ಮಳೆಗಾಲದ ತಂಪಿನಲ್ಲಿ ಇನ್ನೂ ಒಂದೆರಡು ವಾರ ಹೆಚ್ಚು ಬೇಕು. ಆದರೂ ದೀಪಾವಳಿಯ ಹೊತ್ತಿಗೆ ಎರಡು ಮೂರು ಪೀಳಿಗೆ ಆಗಿಹೋಗಿರುತ್ತದೆ. ಹುಳದ ಉಸಿರಿನಿಂದ ಕಾಳಿನ ರಾಶಿ ಬಿಸಿಯಾಗುತ್ತದೆ, ತೇವ ಮತ್ತೂ ಏರುತ್ತದೆ, ಆಮೇಲೆ ಬೂಷ್ಟು. ಪಣತಕ್ಕೆ ಕೈ ಹಾಕಿದಾಗ ಒಂದು ಕಡೆ ಬೆಚ್ಚಗೆ ಕಂಡರೆ ಅಲ್ಲಿ ಹುಳದ ಸಂತೆ ಸೇರಿದೆ ಅಂತ ತಿಳಿಯಿರಿ.

ಗಾಳಿ ಕಟ್ಟಿದರೆ ಏನಾಗುತ್ತದೆ? ಹಗೇವಿನ ಬಾಯಿ ತೆಗೆದ ಕೂಡಲೇ ಒಳಗೆ ಇಳಿಯಬಾರದು, ದೀಪ ಇಳಿಸಿ ನೋಡಬೇಕು ಅಂತ ಬಯಲುಸೀಮೆಯವರು ಹೇಳುತ್ತಾರೆ. ಅಲ್ಲಿ ಉಸಿರಾಡುವ ಗಾಳಿ ಮುಗಿದಿರುತ್ತದೆ. ಹುಳಕ್ಕೂ ಅದೇ ಗತಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಮರ್ಡಾಕ್ ಮತ್ತು ಜೊತೆಯವರು ಆಫ್ರಿಕದ ಅಲಸಂದೆ ಬೆಳೆಗಾರರಿಗಾಗಿ ಮೂರು ಪದರದ ಚೀಲ ಮಾಡಿದರು: ಒಳಗೆ ಎರಡು ದಪ್ಪ ಪ್ಲಾಸ್ಟಿಕ್, ಹೊರಗೆ ಒಂದು ನೇಯ್ದ ಚೀಲ, ಬಾಯಿ ಬಿಗಿಯಾಗಿ ಕಟ್ಟುವುದು. 2012ರಲ್ಲಿ ಅವರು ಕಾರಣವನ್ನೂ ಬಿಡಿಸಿದರು. ಪ್ರಾಣವಾಯು ಇಳಿದಾಗ ಹುಳ ತಿನ್ನುವುದನ್ನು ನಿಲ್ಲಿಸುತ್ತದೆ. ತಿನ್ನದೆ, ಗಾಳಿಯಿಲ್ಲದೆ, ನೀರು ಮಾಡಿಕೊಳ್ಳಲಾಗುವುದಿಲ್ಲ. ಕೊನೆಗೆ ಬಾಯಾರಿ ಸಾಯುತ್ತದೆ. ಹೊರಗೆ ಆಗುಂಬೆಯ ಮಳೆ ಸುರಿಯುತ್ತಿದ್ದರೂ ಚೀಲದೊಳಗಿನ ಹುಳ ನೀರಡಿಕೆಯಿಂದ ಸಾಯುತ್ತದೆ! ಆದರೆ ನೆನಪಿರಲಿ, ಹಸಿ ಭತ್ತ ಹಾಕಿ ಗಾಳಿ ಕಟ್ಟಿದರೆ ಮುಗ್ಗಿ ಹಾಳಾಗುತ್ತದೆ. ಮೊದಲು ಒಣಗಿಸಬೇಕು, ಆಮೇಲೆ ಕಟ್ಟಬೇಕು.

ಮಾಡಬೇಕಾದ ಕೆಲಸ

ಇಷ್ಟು ಕೇಳಿದ ಮೇಲೆ ಕೆಲಸದ ಪಟ್ಟಿ ತಾನಾಗೇ ಬರುತ್ತದೆ.

ಒಂದು, ಒಣಗಿಸುವುದು. ಕಾಳು ಹಲ್ಲಿನಲ್ಲಿ ಕಟ್ ಅಂತ ಮುರಿಯಬೇಕು. ಅನುಮಾನವಿದ್ದರೆ ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಭತ್ತ, ಒಂದು ಚಿಟಿಕೆ ಹುರಿದ ಒಣ ಉಪ್ಪು ಹಾಕಿ, ಮುಚ್ಚಿ ಕುಲುಕಿ, ಹತ್ತು ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15ಕ್ಕಿಂತ ಹೆಚ್ಚು, ಇನ್ನೂ ಒಣಗಬೇಕು. ಯುಗಾದಿ ಕಳೆದ ಮೇಲಿನ ಬಿಸಿಲಿನಲ್ಲಿ, ರೋಹಿಣಿ ಮಳೆಗೆ ಮುಂಚೆ, ಇನ್ನೊಂದು ಸಲ ತೆಳ್ಳಗೆ ಹರಡಿ ಒಣಗಿಸಿ. ಆ ಬಿಸಿಗೆ ಕಾಳಿನೊಳಗಿನ ಮರಿಯೂ ಬಹಳಷ್ಟು ಸಾಯುತ್ತದೆ.

ಎರಡು, ಶುಚಿ ಮಾಡುವುದು. ತೂರಿ, ಜರಡಿ ಹಿಡಿದು, ನುಚ್ಚು, ಜೊಳ್ಳು, ಧೂಳು ತೆಗೆಯಿರಿ. ಅದು ಹಿಟ್ಟಿನ ಹುಳಕ್ಕೆ ನಾವು ಹಾಕುವ ಬಾಣಂತಿ ಊಟ. ಹಳೆಯ ಭತ್ತದ ಮೇಲೆ ಹೊಸ ಭತ್ತ ಸುರಿಯಬೇಡಿ. ಪಣತದ ಸಂದು ಬಿರುಕುಗಳನ್ನು ಗುಡಿಸಿ, ಮಣ್ಣು ಸಗಣಿ ಮೆತ್ತಿ ಮುಚ್ಚಿ. ಹಳೇ ಗೋಣಿಯನ್ನು ಕುದಿನೀರಿಗೆ ಹಾಕಿ ಒಣಗಿಸಿ.

ಮೂರು, ಬಾಗಿಲು ಹಾಕುವುದು. ಹೊಟ್ಟು ಸಮೇತ ಇಡಿ. ಹುರುಳಿ, ಹೆಸರಿನ ಬೀಜಕ್ಕೆ ಕೆ.ಜಿ.ಗೆ ಒಂದು ಚಮಚ ಎಣ್ಣೆ ಸವರಿದರೆ ದುಂಡು ಹುಳದ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಮನೆಯ ತಾಯಂದಿರು ಬೂದಿ ಬೆರೆಸುವುದು, ಬಯಲುಸೀಮೆಯವರು ಕೆಮ್ಮಣ್ಣು ಕಟ್ಟುವುದು, ಇವೆಲ್ಲ ಹುಳ ಓಡಾಡದಂತೆ, ಮೈಯ ತೇವ ಆರಿಹೋಗುವಂತೆ ಮಾಡುವ ಉಪಾಯಗಳೇ. ಬೇಳೆ ಒಡೆದಿಟ್ಟರೂ ಆ ಹುಳಕ್ಕೆ ಒಗ್ಗುವುದಿಲ್ಲ. ಬಜೆಯ ಪುಡಿ ಒಳ್ಳೆಯ ಮದ್ದು, ಬಿತ್ತನೆ ಬೀಜಕ್ಕೆ ಮಾತ್ರ, ಉಣ್ಣುವ ಕಾಳಿಗೆ ಬೇಡ.

ವಿಷದ ಮಾತು ಕೊನೆಗೆ. ಗೋದಾಮಿಗೆ ಹಾಕುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ ಮನೆಯಲ್ಲಿ ಇಡುವ ವಸ್ತುವಲ್ಲ. ಕಾನೂನಿನ ಪ್ರಕಾರ ಅದು ಸರ್ಕಾರಿ ಸಂಸ್ಥೆ ಮತ್ತು ಪರವಾನಗಿ ಪಡೆದ ಕೀಟ ನಿಯಂತ್ರಣದವರ ಕೈಯಲ್ಲೇ ಇರಬೇಕು. ಮಲಗುವ ಕೋಣೆಯ ಪಕ್ಕದ ಪಣತಕ್ಕೆ ಅದನ್ನು ಹಾಕಿದರೆ ಹುಳಕ್ಕೆ ಮುಂಚೆ ಮನೆಯವರು ಸಾಯುತ್ತಾರೆ. ಸಾಲದ ಹೆಸರಿನಲ್ಲಿ ಎಷ್ಟು ರೈತರ ಜೀವ ಹೋಗಿದೆ ಅಂತ ನಮಗೆ ಗೊತ್ತು. ಅಂಥ ಮಾತ್ರೆ ಯಾವ ಮನೆಯ ಗೂಡಿನಲ್ಲೂ ಇರಬಾರದು.

ಕೊನೆಗೆ ಬೆಲೆಯ ಮಾತು

ಹುಳ ತಡೆದವನಿಗೆ ಆರು ತಿಂಗಳು ಸಿಗುತ್ತದೆ. ಆ ಆರು ತಿಂಗಳೇ ರೈತನ ಬಂಡವಾಳ. ಎಲ್ಲರೂ ಮಾರುವ ದಿನ ಮಾರಲೇಬೇಕೆಂಬ ಗತಿ ತಪ್ಪಿದರೆ ಕೊಳ್ಳುವವನೇ ನಿಮ್ಮ ಅಂಗಳಕ್ಕೆ ಬರಬೇಕಾಗುತ್ತದೆ. ಆದರೆ ಒಬ್ಬೊಬ್ಬರ ಜಾಣತನದಿಂದ ಇದು ಮುಗಿಯುವುದಿಲ್ಲ. ಸಾಲದ ಗಡುವು ಸುಗ್ಗಿಯ ಬೆನ್ನಿಗೇ ಕೂತಿದ್ದರೆ, ಪಣತದಲ್ಲಿ ಚಿನ್ನದಂಥ ಭತ್ತ ಇದ್ದರೂ ಮಾರಲೇಬೇಕು.

ಆದ್ದರಿಂದ ನಮ್ಮ ಬೇಡಿಕೆಯೂ ಸ್ಪಷ್ಟವಾಗಿರಲಿ. 2007ರ ಉಗ್ರಾಣ ಕಾಯಿದೆಯಲ್ಲಿ, ನೋಂದಾಯಿತ ಗೋದಾಮಿನಲ್ಲಿ ಇಟ್ಟ ಕಾಳಿನ ರಸೀದಿಯ ಮೇಲೆ ಬ್ಯಾಂಕಿನಲ್ಲಿ ಸಾಲ ಪಡೆಯುವ ದಾರಿ ಇದೆ. ಆ ಗೋದಾಮು ಹೋಬಳಿಗೆ ಹತ್ತಿರ ಇರಬೇಕು. ತೇವ ನೋಡುವ ಯಂತ್ರ, ಭತ್ತ ಒಣಗಿಸುವ ಯಂತ್ರ ಸೊಸೈಟಿಯಲ್ಲಿ ಇರಬೇಕು, ಸುಗ್ಗಿಯಲ್ಲಿ ಮಳೆ ಬಂದರೆ ಬಳಸಲು ಸಿಗಬೇಕು. ಗಾಳಿ ಕಟ್ಟುವ ಚೀಲ ಗೊಬ್ಬರದ ಹಾಗೆ ಸೊಸೈಟಿಯಲ್ಲೇ ಸಿಗಬೇಕು. ಸಾಲ ಕಟ್ಟುವ ಗಡುವು ಬೆಳೆ ಮಾರುವ ಕಾಲಕ್ಕೆ ಹೊಂದಬೇಕು. ಇದರಲ್ಲಿ ಯಾವುದೂ ದಾನ ಕೇಳಿದ್ದಲ್ಲ. ಕಾಗೋಡಿನವರು ಸರಿಯಾದ ಕೊಳಗ ಕೇಳಿದರು, ನಾವು ಸರಿಯಾದ ಹೊತ್ತು ಕೇಳುತ್ತಿದ್ದೇವೆ.

ಓದಿ ಮುಗಿಸಿದ ಮೇಲೆ ಪತ್ರಿಕೆಯನ್ನು ಪಕ್ಕಕ್ಕಿಟ್ಟು ಒಂದು ಕೆಲಸ ಮಾಡಿ. ನಿಮ್ಮ ಪಣತಕ್ಕೆ ಮೊಣಕೈತನಕ ಕೈ ಹಾಕಿ ನೋಡಿ. ತಣ್ಣಗಿದ್ದರೆ ಸಂತೋಷ. ಬೆಚ್ಚಗಿದ್ದರೆ, ಬಿಸಿಲು ಕಂಡ ದಿನವೇ ಭತ್ತ ಹೊರಗೆ ತೆಗೆಯಿರಿ, ಪಕ್ಕದ ಮನೆಯವರಿಗೂ ಹೇಳಿ. ಮುಂದಿನ ತಿಂಗಳ ಸಭೆಗೆ ಬರುವಾಗ ಸಾವಿರ ಕಾಳಿನ ತೂಕ ಬರೆದ ಚೀಟಿ ತನ್ನಿ. ಊರೂರಿನ ಚೀಟಿ ಸೇರಿದರೆ ಆ ಲೆಕ್ಕ ಹಿಡಿದು ತಹಸೀಲ್ದಾರರ ಕಚೇರಿಗೂ, ಸೊಸೈಟಿಯ ಮಹಾಸಭೆಗೂ ಹೋಗಬಹುದು.